ಸತ್ತದ್ದು ಎದ್ದುಬಂದ ಹರಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹರಳಕ್ಕ ಎಂದೇ. ಕುಲುಮೆಯಲ್ಲಿ ಲೋಹದ ಹರಳು ಬೆಳೆಸುವುದರಲ್ಲಿ ಅವಳದು ಎತ್ತಿದ ಕೈ. ಅದೇ ಕಟ್ಟಡದ ಕೆಳಮಹಡಿಯಲ್ಲಿ, ದೊಡ್ಡ ಅಯಸ್ಕಾಂತದ ಕೋಣೆಯಲ್ಲಿ, ಅವಳ ಒಡಹುಟ್ಟಿದ ತಂಗಿಗೆ ಕೆಲಸ.

ಕಡುಚಳಿಯಲ್ಲಿಟ್ಟರೆ ಹರಳಕ್ಕ ಬೆಳೆಸಿದ ಹರಳಿನಲ್ಲಿ ವಿದ್ಯುತ್ತು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಅದಕ್ಕೆ ಅತಿವಾಹಕತೆ ಎನ್ನುತ್ತಾರೆ. ಅದಕ್ಕೂ ಅಯಸ್ಕಾಂತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಕಾಂತಬಲ ಏರಿಸಿದರೆ ಅತಿವಾಹಕತೆ ಸಾಯುತ್ತದೆ. ಹಿಂದೆ ಹರಳಕ್ಕನೇ ಅಳೆದು ನೋಡಿ, "ಸತ್ತಿತು, ಮುಗೀತು" ಎಂದು ಕೈತೊಳೆದುಕೊಂಡಿದ್ದಳು. ತಂಗಿ ಬಿಡಲಿಲ್ಲ. ಹರಳನ್ನು ತುಸು ಓರೆಯಾಗಿಟ್ಟು, ಸತ್ತ ಹಂತವನ್ನೂ ದಾಟಿ ಬಲ ಏರಿಸುತ್ತಲೇ ಹೋದಳು. ನೋಡನೋಡುತ್ತಿದ್ದಂತೆ ತಡೆ ಮತ್ತೆ ಸೊನ್ನೆಗಿಳಿಯಿತು. ಕೊಂದ ಅಯಸ್ಕಾಂತವೇ ಜೀವ ಕೊಟ್ಟಿತ್ತು!

ಎಲ್ಲರೂ ಚಪ್ಪಾಳೆ ತಟ್ಟಿದರು. ಹರಳಕ್ಕನೂ ತಟ್ಟಿದಳು, ಹೊಟ್ಟೆಯೊಳಗೆ ಮಾತ್ರ ಬೆಂಕಿ ಬಿದ್ದಿತ್ತು. ಇನ್ನಷ್ಟು ಮುಂದೆ ಹೋಗಿದ್ದರೆ ಇದು ತನ್ನದೇ ಆಗುತ್ತಿತ್ತಲ್ಲ! ಮನೆಯಲ್ಲಿ ಅಮ್ಮ ನೆಂಟರಿಗೆಲ್ಲ ಫೋನು ಮಾಡಿ, "ನಮ್ಮ ಚಿಕ್ಕವಳು ಕಣ್ರೀ" ಎನ್ನುವಾಗ ಹರಳಕ್ಕ ಪಾತ್ರೆಗಳನ್ನು ಬೇಕೆಂದೇ ಕುಕ್ಕಿದಳು.

ಅಷ್ಟರಲ್ಲಿ ಆ ಹರಳು ಬಿರುಕು ಬಿಟ್ಟಿತು. ಇನ್ನೊಂದರಲ್ಲೂ ತೋರಿಸಿದರೆ ನಂಬುತ್ತೇನೆ ಎಂದರು ಮುಖ್ಯಸ್ಥರು. ತಂಗಿ ಕುಲುಮೆಯ ಕೋಣೆಗೆ ಓಡಿಬಂದಳು.

"ಅಕ್ಕಾ, ಇನ್ನೊಂದು ಹರಳು ಇದ್ಯಾ?"

"ಎಲ್ಲಿಂದ ತರ್ಲಿ? ಮರದಲ್ಲಿ ಬಿಡುತ್ತಾ?"

ಹರಳಕ್ಕ ಒರಗಿ ನಿಂತಿದ್ದ ಮೇಜಿನ ಖಾನೆಯಲ್ಲೇ, ಹತ್ತಿಯ ನಡುವೆ, ಕನ್ನಡಿಯಂಥ ಹರಳೊಂದಿತ್ತು.

ತಂಗಿ ಒಡಕು ಚೂರುಗಳಲ್ಲೇ ಹೆಣಗಿದಳು. ಏನೂ ಕಾಣಲಿಲ್ಲ. ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬ ನಕ್ಕ: "ಸತ್ತದ್ದು ಎದ್ದುಬರುತ್ತಾ? ತಂತಿ ಸಡಿಲ ಇದ್ದಿರ್ಬೇಕು." ಹರಳಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇಲ್ಲಾಂದ್ರೆ ಹರಳೇ ಕಳಪೆ."

ತಾನು ಬೆಳೆಸಿದ ಹರಳು ಕಳಪೆಯೇ? ಹರಳಕ್ಕನ ತುತ್ತು ಕೈಯಲ್ಲೇ ಉಳಿಯಿತು. ಅವಳು ಎದ್ದುಹೋಗಿ ಖಾನೆಯಿಂದ ಹರಳು ತೆಗೆದು, ನೇರ ಕೆಳಗಿಳಿದು ತಂಗಿಯ ಮುಂದಿಟ್ಟಳು.

"ಅವತ್ತೇ ಇತ್ತಾ?"

"ಇತ್ತು."

"ಮತ್ಯಾಕೇ ಇಲ್ಲ ಅಂದೆ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು?"

ತಂಗಿಯ ಮುಖ ಕೆಂಪಾಯಿತು. ತುಟಿ ಕಚ್ಚಿಕೊಂಡು ಹರಳಿಗೆ ತಂತಿ ಕೂಡಿಸಿ, ಮೊದಲಿನಂತೆಯೇ ಓರೆಯಾಗಿಟ್ಟಳು. ಬಲ ಏರಿಸಿದ್ದು ಹರಳಕ್ಕ. ಅತಿವಾಹಕತೆ ಸತ್ತಿತು. ಈ ಸಲ ಅವಳು ಕೈ ತೆಗೆಯಲಿಲ್ಲ. ಏರಿಸಿ, ಏರಿಸಿ, ಬಹಳ ಮೇಲೆ ಹೋದ ಮೇಲೆ ತಡೆ ದಡಕ್ಕನೆ ಸೊನ್ನೆಗೆ ಬಿತ್ತು.

"ಬಂತು ಕಣೇ!" ಎಂದು ಕಿರುಚಿದವಳು ಅಕ್ಕನೇ.

ಆಮೇಲೂ ತಂಗಿ ಬಹಳ ದಿನ ಮಾತು ಬಿಟ್ಟಿದ್ದಳು. ಆದರೂ ಪ್ರಬಂಧ ಬರೆಯುವಾಗ ತನ್ನ ಹೆಸರಿನ ಪಕ್ಕದಲ್ಲೇ ಅಕ್ಕನ ಹೆಸರು ಹಾಕಿದಳು. ಮೊದಲು ನನ್ನದನ್ನೇ ಹಾಕಬಹುದಿತ್ತಲ್ಲ ಎಂದು ಹರಳಕ್ಕನಿಗೆ ಅನ್ನಿಸದೆ ಇರಲಿಲ್ಲ.