ದವನದ ಪಾತಿಯಲ್ಲಿ ಕಾಂಗ್ರೆಸ್ ಗಿಡ

ಟಕ್. ನೂಲನ್ನು ಹಲ್ಲಿನಲ್ಲಿ ಕಡಿದು ಮುನಿಕೃಷ್ಣಮ್ಮ ಕಟ್ಟಿ ಮುಗಿಸಿದ ಹೂದಂಡೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟಳು. ಬ್ಯಾಟರಾಯನಪುರದ ಅಂಡರ್‌ಪಾಸಿನ ಪಕ್ಕ ಇಪ್ಪತ್ತೆರಡು ವರ್ಷಗಳಿಂದ ಹೂ ಕಟ್ಟುತ್ತಿದ್ದಾಳೆ. ಮಲ್ಲಿಗೆ, ಕನಕಾಂಬರ ಮಂಡಿಯಿಂದ ಬರುತ್ತವೆ. ದವನ ಮಾತ್ರ ಅವಳ ಮನೆಯ ಹಿಂದಿನ ಪಾತಿಯದು. ಅದರ ಘಮಕ್ಕಾಗಿಯೇ ಗಿರಾಕಿಗಳು ಅವಳನ್ನು ಹುಡುಕಿಕೊಂಡು ಬರುತ್ತಾರೆ.

ಈ ಸಲ ಪಾತಿಯಲ್ಲಿ ಕಾಂಗ್ರೆಸ್ ಗಿಡವೂ ಎದ್ದಿದೆ. ಎಳೆಯದರಲ್ಲಿ ಎರಡಕ್ಕೂ ಅದೇ ಸೀಳು ಸೀಳು ಎಲೆ. ಮೊದಲಾದರೆ ಹಿಸುಕಿ ಮೂಸಿದರೆ ಮುಗಿಯುತ್ತಿತ್ತು. ಕೊರೊನಾ ಬಂದು ಹೋದ ಮೇಲೆ ಅವಳಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ವಾಸನೆ ತಿಳಿಯದ ಹೂವಾಡಗಿತ್ತಿಯ ಹತ್ತಿರ ಯಾರು ಹೂ ಕೊಳ್ಳುತ್ತಾರೆ?

ಬೂದು ಛಾಯೆ ಇದ್ದದ್ದು ದವನ, ಹಸಿರು ಹೆಚ್ಚಿದ್ದದ್ದು ಕಳೆ ಎಂದು ಬೆಳಿಗ್ಗೆ ಕಣ್ಣಂದಾಜಿನಲ್ಲೇ ಕೊಯ್ದು ತಂದಿದ್ದಳು. ನೀರು ಚಿಮುಕಿಸಿದ ಮೇಲೆ ಎಲ್ಲವೂ ಒಂದೇ ಬಣ್ಣ.

ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಖಾದರ್ ಬಾಷಾನತ್ತ ಒಂದು ಕುಡಿ ಚಾಚಿದಳು.

“ಈ ಸಲದ ದವನ ಎಂಗೈತೆ, ವಸಿ ನೋಡಪ್ಪ.”

“ನಿಮ್ಮ ದವನಕ್ಕೇನು ಅಕ್ಕಾ? ಗಮ್ಮಂತೈತೆ! ನನ್ ಸೊಸೆ ಸೆಂಟೂ ಹಿಂಗಿಲ್ಲ.”

ಅವನು ಮೂಸಿದನೋ, ಸುಮ್ಮನೆ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಕುಡಿ ಕೊಡುವಷ್ಟರಲ್ಲಿ ರಮ್ಯ ಸ್ಕೂಟರ್ ನಿಲ್ಲಿಸಿದಳು. ಮೂರು ವರ್ಷದ ಮಗಳ ಹುಟ್ಟುಹಬ್ಬಕ್ಕೆ ಎರಡು ದಂಡೆ ಹೇಳಿಹೋಗಿದ್ದವಳು. ಒಂದನ್ನೆತ್ತಿ ಮೂಸಿದಳು.

“ಬರೀ ಮಲ್ಲಿಗೆ ವಾಸ್ನೆ. ದವನ ಎಲ್ಲಿ?” ಇನ್ನೊಂದನ್ನು ಮೂಸಿದಳು. “ಇದ್ರಲ್ಲಿದೆ.” ಮತ್ತೆ ಮೊದಲನೆಯದು. “ಇದ್ರಲ್ಲೂ ಇದೆಯೇನೋ… ಗೊತ್ತಾಗ್ತಿಲ್ಲ.”

“ನೆಗಡಿ ಏನ್ ಮೇಡಂ?” ಖಾದರ್ ಬಾಯಿ ಹಾಕಿದ. “ಅಕ್ಕನ ದವನಕ್ಕೇ ಕೊಂಕು ತೆಗೀತೀರಾ? ಅಕ್ಕಾ, ನೀವೇ ಒಂದ್ಸಲ ಮೂಸಿ ಹೇಳ್ಬಿಡಿ.”

ಮುನಿಕೃಷ್ಣಮ್ಮ ದಂಡೆಯನ್ನು ಮೂಗಿಗೆ ಹಿಡಿದಳು. ತಣ್ಣನೆಯ ಒದ್ದೆ ತಾಗಿತು, ಅಷ್ಟೆ. ಹೋದ ವರ್ಷ ಬೇಲಿ ಬದಿಯಲ್ಲಿ ಆ ಕಳೆ ಕಿತ್ತಾಗ ಮೊಣಕೈವರೆಗೂ ಗಂದೆ ಎದ್ದು ವಾರವೆಲ್ಲ ಕೆರೆದುಕೊಂಡಿದ್ದಳು. ಇದು ಏರುವುದು ಮೂರು ವರ್ಷದ ಮಗುವಿನ ನೆತ್ತಿಗೆ.

“ಈ ದಂಡೆ ಬ್ಯಾಡ ಕಣವ್ವ. ಇದ್ರಾಗೆ ಏನ್ ಸೇರೈತೋ ನಂಗೇ ತಿಳೀತಿಲ್ಲ. ನಾಕೈದು ವರ್ಸ ಆಯ್ತು, ನಂಗೆ ಯಾವ ವಾಸ್ನೇನೂ ಬರಾಕಿಲ್ಲ.”

“ಮತ್ತೆ ಇಷ್ಟ್ ದಿನ…?” ಎಂದಳು ರಮ್ಯ.

“ಸುಮ್ನಿರ್ರೀ ಅಕ್ಕಾ,” ಖಾದರ್ ನಕ್ಕ. “ಮೊನ್ನೆ ತಾನೇ ನನ್ ಬೀಡಿ ನಾತ ಅಂತ ಬೈದ್ರಲ್ಲ? ಆವಾಗ ಹೆಂಗೆ…”

ಅವಳು ಬೈದದ್ದು ಹೊಗೆ ಕಂಡು, ನಾತ ತಿಳಿದಲ್ಲ. ಮುನಿಕೃಷ್ಣಮ್ಮ ಎರಡೂ ದಂಡೆಗಳನ್ನು ಬುಟ್ಟಿಗೆ ಹಾಕಿಕೊಂಡು, ಅವನ ಮಾತು ಮುಗಿಯುವ ಮೊದಲೇ, ಅಂಡರ್‌ಪಾಸಿನ ಕಡೆ ನಡೆದುಬಿಟ್ಟಳು.