ಮೆಲಾನಿಯಾಳ ಅಂಚು

ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ, ಗುರುವಾರ ಬೆಳಗಾದರೆ, ಕುದಿಯುವ ಹಂಡೆಯ ಮುಂದೆ ನಿಲ್ಲುವವಳು ನಾನು, ಟಿಲ್ಲಿ. ನನ್ನ ಬಾಯಿ ಜೋರು ಎಂದು ಊರೇ ಹೇಳುತ್ತದೆ. ಹೇಳಲಿ. ಹಂಡೆಯ ಮುಂದೆ ನಿಲ್ಲುವವಳಿಗೆ ಬಾಯಿ ಜೋರಿಲ್ಲದಿದ್ದರೆ ಆ ಕೆಲಸ ಆಗುವುದಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಊರಿನಲ್ಲಿ ಗಣಿ ಮುಚ್ಚಿತು, ಶರ್ಟಿನ ಕಾರ್ಖಾನೆ ಮುಚ್ಚಿತು, ಆದರೆ ಶುಕ್ರವಾರದ ಪಿರೋಹಿ ಮಾತ್ರ ನಿಂತಿಲ್ಲ. ಆಲೂಗಡ್ಡೆ, ಚೀಸಿನ ಹೂರಣ ಇಟ್ಟು, ಕಣಕ ಮಡಿಸಿ, ಅಂಚು ಒತ್ತಿ, ಕುದಿಯುವ ನೀರಿಗೆ ಬಿಡುವ ಕಡುಬು ಅದು. ಗುರುವಾರ ನಾವು ಮಾಡುತ್ತೇವೆ, ಶುಕ್ರವಾರ ಊರು ತಿನ್ನುತ್ತದೆ.

ಕಣಕ ಲಟ್ಟಿಸುವುದಕ್ಕೆ ಯಾರಾದರೂ ಆದೀತು. ಅಂಚು ಒತ್ತುವ ಮೇಜಿಗೆ ಮಾತ್ರ ಯಾರನ್ನೆಂದರೆ ಅವರನ್ನು ಕೂರಿಸುವುದಿಲ್ಲ. ನಮ್ಮ ಪಂಥದಲ್ಲಿ ಪಾದ್ರಿಗೆ ಮದುವೆ ಉಂಟು; ಪಾದ್ರಿಯ ಹೆಂಡತಿ ಡೋರೀನ್ ನಾಲ್ಕು ವರ್ಷದಿಂದ ಆಸೆ ಪಡುತ್ತಿದ್ದಾಳೆ, ಇನ್ನೂ ತಟ್ಟೆ ಹೊರುವ ಕೆಲಸದಲ್ಲೇ ಇದ್ದಾಳೆ. ಮೇಜಿನಲ್ಲಿ ಒಬ್ಬೊಬ್ಬಳ ಅಂಚೂ ಒಂದೊಂದು ಥರ. ಮೇಜಿನ ಯಜಮಾನಿ ನೆಟ್ಟಿಯದು ದಪ್ಪ, ಅವಳ ತುಟಿಯ ಹಾಗೆಯೇ. ಜಸ್ಟೀನಾಳದು ಗರಗಸದ ಹಲ್ಲು. ಇನ್ನು ಮೆಲಾನಿಯಾಳದು ತೆಳ್ಳಗೆ, ಒತ್ತೊತ್ತಾಗಿ, ಹೊಲಿದ ಹಾಗೆ. ಶರ್ಟಿನ ಕಾರ್ಖಾನೆಯಲ್ಲಿ ಮದುವೆಗೆ ಮುಂಚಿನಿಂದ ಕಾಲರ್ ಹೊಲಿದ ಕೈ ಅದು. ಹಬೆಯ ನಡುವೆಯೂ ಯಾವುದು ಯಾರದೆಂದು ನಾನು ಹೇಳಬಲ್ಲೆ.

ಹೇಳಲೇಬೇಕು ಕೂಡ. ನಮ್ಮಲ್ಲಿ ಒಂದು ಪದ್ಧತಿ ಇದೆ. ಹಂಡೆಯಲ್ಲಿ ಬಾಯಿ ಬಿಟ್ಟ ಪಿರೋಹಿಯನ್ನು ಮಾರುವುದಿಲ್ಲ. ಸೌಟಿನಲ್ಲಿ ಎತ್ತಿ ಹಿಡಿದು, ಇಡೀ ನೆಲಮಾಳಿಗೆಗೆ ಕೇಳುವಂತೆ ಅದನ್ನು ಒತ್ತಿದವಳ ಹೆಸರು ಕೂಗಬೇಕು. ಅವಳು ತಟ್ಟೆ ಹಿಡಿದು ಬಂದು, ಹುರಿದ ಈರುಳ್ಳಿ ಹಾಕಿಸಿಕೊಂಡು, ಎಲ್ಲರ ಎದುರು ಅದನ್ನು ತಿನ್ನಬೇಕು. ಉಳಿದವರು ಬಾಯಿಗೆ ಬಂದದ್ದು ಅನ್ನುತ್ತಾರೆ. ಕೂಗುವವಳು ನಾನು, ನನ್ನ ಅಮ್ಮನೂ ಇದೇ ಹಂಡೆಯ ಮುಂದೆ ನಿಂತು ಕೂಗುತ್ತಿದ್ದಳು. ಮೆಲಾನಿಯಾಳ ಹೆಸರನ್ನು ಕೂಗಿದ್ದು ನನಗೆ ನೆನಪಿರುವ ಹಾಗೆ ಒಂದೇ ಸಲ, ಅವಳ ಗಂಡ ತೀರಿಕೊಂಡ ವರ್ಷ.

ಎರಡು ವರ್ಷದ ಹಿಂದೆ ಅವಳಿಗೆ ಕರುಳಿನ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ರಕ್ತನಾಳಕ್ಕೆ ಔಷಧಿ ಹನಿಸಿದರು. ಕ್ಯಾನ್ಸರ್ ಹೋಯಿತು. ಆ ಔಷಧಿ ಬಿಟ್ಟುಹೋದದ್ದು ಮಾತ್ರ ಅವಳ ಹತ್ತೂ ಬೆರಳ ತುದಿಯಲ್ಲಿ ಉಳಿಯಿತು. ಬೆಳಗ್ಗೆಯಿಂದ ಸಂಜೆಯವರೆಗೆ ಜೋಮು, ನಡುನಡುವೆ ಸೂಜಿ ಚುಚ್ಚಿದ ಹಾಗೆ. ಫ್ರಿಜ್ಜಿನೊಳಗೆ ಕೈ ಹಾಕಿದರೆ ಕರೆಂಟ್ ಹೊಡೆದಂತೆ ಕೈ ಹಿಂದಕ್ಕೆ ಬರುತ್ತಿತ್ತು.

"ವರ್ಷ ಕಳೆದ್ರೆ ಕಮ್ಮಿ ಆಗ್ಬೋದು, ಆಗ್ದೇನೂ ಇರ್ಬೋದು ಅಂದ್ರು ಡಾಕ್ಟ್ರು," ಎಂದಳು ನನಗೆ. "ಹತ್ತು ಜನ ಬಾಡಿಗೆದಾರ್ರು ಬಂದು ಕೂತವ್ರೆ ಕಣೇ ಟಿಲ್ಲಿ. ಒಬ್ರೂ ಬಾಡಿಗೆ ಕೊಡಲ್ಲ, ಒಬ್ರೂ ಖಾಲಿ ಮಾಡಲ್ಲ."

"ಸಾಮಾನು ಎತ್ತಿ ಬೀದಿಗೆ ಬಿಸಾಕು," ಎಂದೆ.

"ಸಾಮಾನು ಹಿಡ್ಕೊಳಕ್ಕೆ ಬೆರಳು ಬೇಕಲ್ಲ."

ಅವಳಿಗಿದ್ದದ್ದು ಒಂದೇ ಆಸೆ. ಉಪವಾಸದ ಕಾಲ ಬರುವಷ್ಟರಲ್ಲಿ ಮೇಜಿಗೆ ವಾಪಸಾಗಬೇಕು. ಮಕ್ಕಳಿಲ್ಲದ ಹೆಂಗಸು. ಕಾರ್ಖಾನೆ ಮುಚ್ಚಿದಾಗಲೂ, ಗಂಡ ಹೋದಾಗಲೂ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಮೇಜು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹೊದಿಕೆಯ ಅಂಚನ್ನು ಒತ್ತುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಉಪವಾಸದ ಮೊದಲ ಗುರುವಾರ ಬಂದಳು. ಹಳೆಯ ಜಾಗದಲ್ಲಿ ಕುಳಿತಳು. ನಾವೆಲ್ಲ ಏನೂ ಆಗದವರಂತೆ ಹವಾಮಾನದ ಮಾತಾಡಿದೆವು. ಅವಳ ತಟ್ಟೆ ಹಂಡೆಗೆ ಬಂತು. ಬಿಟ್ಟೆ. ಒಂದು ಬಾಯಿ ಬಿಟ್ಟಿತು, ಇನ್ನೊಂದು ಬಿಟ್ಟಿತು, ಮತ್ತೆರಡು ಬಿಟ್ಟವು. ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನ್ನು ಎತ್ತಿ, ಅವಳಿಗೆ ಬೆನ್ನು ಮಾಡಿ, ಬಿಸಿಬಿಸಿಯಾಗಿ ನಿಂತಲ್ಲೇ ತಿಂದೆ. ನಾಲಿಗೆ ಸುಟ್ಟು ಮೂರು ದಿನ ಕಾಫಿಯ ರುಚಿ ತಿಳಿಯಲಿಲ್ಲ. ತಿನ್ನುವಾಗ ತಿರುಗಿ ನೋಡಿದರೆ ನೆಟ್ಟಿ ನನ್ನನ್ನೇ ನೋಡುತ್ತಿದ್ದಳು. ತಕ್ಷಣ ತಲೆ ತಗ್ಗಿಸಿ ಮುಂದಿನ ಕಣಕ ಮಡಿಸತೊಡಗಿದಳು.

ಎರಡನೆಯ ಗುರುವಾರ ಮೆಲಾನಿಯಾಳ ತಟ್ಟೆ ನನ್ನ ಕೈ ಸೇರಿದ ಮೇಲೆ ಅವಳೇ ಎದ್ದು ಬಂದಳು.

"ಬಿಡು, ನೋಡ್ತೀನಿ," ಎಂದು ನನ್ನ ಪಕ್ಕ ನಿಂತಳು.

ಬಿಟ್ಟೆ. ಒಂದಲ್ಲ, ಎರಡಲ್ಲ, ತಟ್ಟೆಗೆ ತಟ್ಟೆಯೇ ಬಾಯಿ ಬಿಟ್ಟಿತು. ಹೂರಣವೆಲ್ಲ ನೀರಿಗೆ ಇಳಿದು ಹಂಡೆ ಗಂಜಿಯಾಯಿತು. ಖಾಲಿ ಕಣಕ ಬಟ್ಟೆಯ ಚೂರುಗಳಂತೆ ತೇಲುತ್ತಿತ್ತು.

"ಹೆಸರು ಕೂಗು," ಎಂದಳು ಮೆಲಾನಿಯಾ.

"ನೀರು ಜಾಸ್ತಿ ಕುದೀತು ಕಣೇ, ಈ ಒಲೆ ಹಾಳಾಗ..."

"ಟಿಲ್ಲಿ. ಹೆಸರು ಕೂಗು."

ಜೋರು ಬಾಯಿಯ ನನಗೆ ಅವತ್ತು ಬಾಯಿ ಬರಲಿಲ್ಲ. ಅವಳು ಏಪ್ರನ್ನಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಚ್ಚಲು ಬೆರಳು ಕೇಳಲಿಲ್ಲ. ಜಸ್ಟೀನಾ ಬಿಚ್ಚಲು ಎದ್ದರೆ ಬೇಡವೆಂದು ತಲೆಯಾಡಿಸಿ, ಗಂಟಿನ ಸಮೇತ ತಲೆಯ ಮೇಲಿಂದ ಎಳೆದು ತೆಗೆದು, ಕುರ್ಚಿಗೆ ಹಾಕಿ, ಮೆಟ್ಟಿಲು ಹತ್ತಿ ಹೋದಳು.

ನಾನು ಹಂಡೆಯ ನೀರು ಚೆಲ್ಲಲು ಬಗ್ಗಿದೆ. ಹಿಂದೆ ನೆಟ್ಟಿ ಅಳುವುದು ಕೇಳಿಸಿತು.

"ಹೆಂಗೆ ಬಾಯಿ ಬಿಟ್ವೋ ದೇವ್ರೇ ಬಲ್ಲ. ಒಂದೊಂದನ್ನೂ ನಾನೇ ಕೈಯಾರೆ ಇನ್ನೊಂದ್ಸಲ ಒತ್ತಿದ್ದೆ. ಅವಳು ಆ ಕಡೆ ನೋಡ್ದಾಗೆಲ್ಲಾ ಒತ್ತಿದ್ದೆ."

ಜಸ್ಟೀನಾಳ ಕೈ ಅರ್ಧ ಮಡಿಸಿದ ಕಣಕದ ಮೇಲೆ ನಿಂತಿತು. "ನೀನೂ ಒತ್ತಿದ್ಯಾ?"

"ನೀನೂ ಅಂದ್ರೆ?"

"ತಟ್ಟೆ ನನ್ ಮುಂದಿಂದ್ಲೇ ಅಲ್ವಾ ಹೋಗೋದು. ಪಾಪ ಅಂತ ಎಲ್ಲಾನೂ ಒತ್ತೇ ಮುಂದಕ್ಕೆ ತಳ್ದೆ."

ಆಗ ಮೆಟ್ಟಿಲ ಬಳಿ ಖಾಲಿ ತಟ್ಟೆ ಎದೆಗೆ ಅವುಚಿಕೊಂಡು ನಿಂತಿದ್ದ ಡೋರೀನ್ ಸಣ್ಣ ದನಿ ತೆಗೆದಳು. "ನಾನೂ ಒತ್ತಿದೆ. ತರೋವಾಗ. ಮೂಲೇಲಿಟ್ಕೊಂಡು." ಸ್ವಲ್ಪ ತಡೆದು, "ಫೋರ್ಕಲ್ಲಿ," ಎಂದಳು.

ಫೋರ್ಕಿನಲ್ಲಿ. ನಮ್ಮ ಚರ್ಚಿನಲ್ಲಿ ಪಿರೋಹಿಗೆ ಫೋರ್ಕ್ ಒತ್ತುವುದು ಪೂಜೆಯ ನಡುವೆ ಸಿಳ್ಳೆ ಹೊಡೆದ ಹಾಗೆ. ಕೆಲವು ಚೂರುಗಳ ಮೇಲೆ ಹಲ್ಲಿನ ಗುರುತು ನೋಡಿ ಇಲಿ ಮುಟ್ಟಿತೇನೋ ಎಂದು ನಾನು ಗಾಬರಿಯಾಗಿದ್ದೆ. ಹಿಟ್ಟಿನ ಕೈಯಲ್ಲಿ ಒತ್ತಿದ್ದನ್ನೇ ಮೂರು ಸಲ ಒತ್ತಿದರೆ ಅಂಚು ಕಾಗದವಾಗಿ, ಕುದಿ ನೀರು ತಗುಲಿದ ಕೂಡಲೇ ಹರಿಯದೆ ಇನ್ನೇನಾಗುತ್ತದೆ? ಅತಿಯಾದರೆ ಅಮೃತವೂ ವಿಷ ಎನ್ನುವುದು ಸುಮ್ಮನೆ ಅಲ್ಲ. ಮೆಲಾನಿಯಾ ಒತ್ತಿದ ಹಾಗೆಯೇ ಬಿಟ್ಟಿದ್ದರೆ ನಾಲ್ಕೋ ಐದೋ ಹೋಗುತ್ತಿದ್ದವು. ಪ್ರೀತಿ ಮಾಡಿ ಮಾಡಿ ಇಡೀ ತಟ್ಟೆಯನ್ನೇ ಹಾಳು ಮಾಡಿದ್ದರು.

ಬೈಯಬೇಕೆಂದು ಬಾಯಿ ತೆರೆದೆ. ನೆಟ್ಟಿಯ ಮೂಗಿನ ಮೇಲೆ ಹಿಟ್ಟು, ಕಣ್ಣಲ್ಲಿ ನೀರು. ಬೈಗುಳ ಅಲ್ಲೇ ಸತ್ತಿತು.

ಮುಂದಿನ ವಾರ ಮೆಲಾನಿಯಾ ಬರಲಿಲ್ಲ. ಫೋನ್ ಮಾಡಿದರೆ "ಶೀತ ಆಗಿದೆ" ಎಂದಳು. ನನಗೆ ಗೊತ್ತಿಲ್ಲದ ಶೀತವೇ. ಆ ಗುರುವಾರ ಹಂಡೆ ತೊಳೆದಿಟ್ಟ ಮೇಲೆ, ಹೆಗಲ ಮೇಲೆ ಅವಳ ಏಪ್ರನ್ ಹಾಕಿಕೊಂಡು ನೇರ ಅವಳ ಮನೆಗೆ ಹೋದೆ.

ಉಣ್ಣೆಯ ಕೈಗವಸು ಹಾಕಿಕೊಂಡೇ ಬಾಗಿಲು ತೆಗೆದಳು. ಸ್ವೆಟರಿನ ಗುಂಡಿಗಳನ್ನೆಲ್ಲ ಕಿತ್ತು ಕೊಕ್ಕೆ ಹಾಕಿಕೊಂಡಿದ್ದಳು. ಊರಿನ ಹೆಂಗಸರಿಗೆಲ್ಲ ಗುಂಡಿ ಹಚ್ಚಿಕೊಡುತ್ತಿದ್ದವಳು ಅವಳು. ಕಾಫಿಯ ಬಟ್ಟಲನ್ನು ಎರಡೂ ಅಂಗೈಯಲ್ಲಿ ತಬ್ಬಿ ತಂದಿಟ್ಟಳು. ಅಡುಗೆಮನೆಯ ಮೇಜಿನ ಮೇಲೆ ಅಗಲ ಪಾತ್ರೆಯ ತುಂಬ ಅಕ್ಕಿ.

"ಇದೇನೇ, ಅನ್ನ ಮಾಡೋದು ಮರ್ತೋಯ್ತಾ?"

"ಇದ್ರೊಳ್ಗೆ ದಿನಾ ಕೈ ಆಡಿಸ್ಬೇಕಂತೆ, ಆಸ್ಪತ್ರೆ ಹುಡ್ಗಿ ಹೇಳ್ಕೊಟ್ಳು. ಶರ್ಟಿನ ಗುಂಡಿ ಹಾಕಿಟ್ಟು ಹುಡುಕ್ತೀನಿ. ಮೊದ್ಮೊದ್ಲು ಒಂದೂ ಸಿಕ್ತಿರ್ಲಿಲ್ಲ. ಈಗ ಸಿಗ್ತವೆ. ಸಿಕ್ಕಿದ್ದು ಗುಂಡಿನೋ ಅಕ್ಕಿನೋ ಅಂತ ಕಣ್ಣಲ್ಲಿ ನೋಡ್ಕೋಬೇಕು, ಅಷ್ಟೆ."

ಅಕ್ಕಿಯ ಪಾತ್ರೆಯ ಪಕ್ಕದಲ್ಲಿ ಕಣಕ ಇತ್ತು. ಒಲೆಯ ಮೇಲೆ ಸಣ್ಣ ಪಾತ್ರೆ. ಶೀತ ಬಂದವಳು ಮನೆಯಲ್ಲಿ ಒಬ್ಬಳೇ ಕುಳಿತು ಅಂಚು ಒತ್ತುತ್ತಿದ್ದಳು. ಒತ್ತಿದ್ದು ಬೆರಳ ತುದಿಯಲ್ಲಿ ಅಲ್ಲ. ಬೆರಳು ಮಡಿಸಿ, ಗೆಣ್ಣಿನಿಂದ ಅದುಮಿ ಅದುಮಿ ಸಾಗಿದ್ದಳು. ಅಂಚು ಅಗಲ, ಉಬ್ಬುತಗ್ಗು, ಮಗು ಮಾಡಿದಂತೆ.

"ಗೆಣ್ಣಲ್ಲಿ ಜೋಮು ಅಷ್ಟಿಲ್ಲ," ಎಂದಳು. "ನೋಡಕ್ಕೆ ಅಸಹ್ಯ. ಇರ್ಲಿ, ಮನೇಲಿ ಯಾರು ನೋಡ್ತಾರೆ. ಮೇಜಿಗೆ ಬರಲ್ಲ ಟಿಲ್ಲಿ. ಇಡೀ ತಟ್ಟೆ ಹೋಯ್ತಲ್ಲ ನನ್ ಕೈಯಿಂದ. ಈ ಕೈ ಮುಗೀತು."

ಆಗ ನಾನು ಎಲ್ಲ ಹೇಳಿದೆ. ನೆಟ್ಟಿ ಒತ್ತಿದ್ದು, ಜಸ್ಟೀನಾ ಒತ್ತಿದ್ದು, ಡೋರೀನಳ ಫೋರ್ಕು. ಫೋರ್ಕಿಗೆ ಬಂದಾಗ ಮೆಲಾನಿಯಾ ನಕ್ಕಳು. ನಗುತ್ತ ನಗುತ್ತ ಕುರ್ಚಿಯಲ್ಲಿ ಕುಸಿದು, ಕೈಗವಸಿನಲ್ಲೇ ಮುಖ ಮುಚ್ಚಿಕೊಂಡಳು. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ.

"ನನ್ ಕೈ ಅಲ್ವಾ ಹಂಗಾದ್ರೆ?"

"ನಿನ್ ಕೈಯಿಂದ ಹೋಗ್ತಿದ್ದಿದ್ದು ನಾಲ್ಕೋ ಐದೋ. ಮೊದಲ್ನೇ ವಾರ ಹೋದ್ವಲ್ಲ, ಅಷ್ಟು."

ಬಾಯಿ ತಪ್ಪಿ ಅಂದುಬಿಟ್ಟೆ. ಅವಳು ಕೈಗವಸು ಕೆಳಗಿಳಿಸಿದಳು.

"ಮೊದಲ್ನೇ ವಾರ ಹೋಗಿದ್ವಾ? ನೀನು ಕೂಗ್ಲೇ ಇಲ್ವಲ್ಲೇ."

"ಹೆಂಗ್ ಕೂಗ್ಲಿ ಕಣೇ. ಅಷ್ಟೆಲ್ಲಾ ಅನುಭವ್ಸಿ ಬಂದಿದ್ದೆ ನೀನು."

"ಸತ್ತೋರ ಹೆಸರನ್ನಾದ್ರೂ ಫಾದರ್ ಪೂಜೇಲಿ ಕೂಗ್ತಾರೆ," ಎಂದಳು ಮೆಲಾನಿಯಾ. ದನಿ ಏರಿಸಲಿಲ್ಲ. "ನೀನು ಬದುಕಿರೋಳ ಹೆಸರು ಕೂಗ್ಲಿಲ್ಲ. ಕ್ಯಾನ್ಸರ್ ಬಂದಾಗ್ಲೂ ಇಷ್ಟು ಒಂಟಿ ಅನ್ಸಿರ್ಲಿಲ್ಲ ನಂಗೆ. ಎಲ್ರೂ ನನ್ ಸುತ್ತ ಕಾಲ್ತುದೀಲಿ ಓಡಾಡ್ತಿದ್ರಿ."

ಹೆಗಲ ಮೇಲಿದ್ದ ಏಪ್ರನ್ ತೆಗೆದು ಅವಳ ತೊಡೆಯ ಮೇಲಿಟ್ಟೆ. ಗಂಟು ಇನ್ನೂ ಹಾಗೆಯೇ ಇತ್ತು, ನಾನು ಬಿಚ್ಚಲಿಲ್ಲ. ಅವಳು ಕೈಗವಸು ಕಳಚಿ ಗಂಟಿಗೆ ಕೈ ಹಾಕಿದಳು. ತುಂಬ ಹೊತ್ತಾಯಿತು. ಕಾಫಿ ಆರಿಹೋಯಿತು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅದನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತೆ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದು ಬಿಚ್ಚಿದಳು.

"ಬರ್ತೀನಿ," ಎಂದಳು. "ನನ್ ತಟ್ಟೆ ಯಾರೂ ಮುಟ್ಕೂಡ್ದು. ಮತ್ತೆ ನೀನು ಕೂಗ್ಬೇಕು."

ಮರುವಾರ ಬಂದಳು. ಕೋಣೆ ಬೆಚ್ಚಗಿಡಲು ಗೋಡೆಗುಂಟ ಹಾಯಿಸಿದ ಬಿಸಿನೀರಿನ ಕೊಳವೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಹೂರಣದ ಉಂಡೆಗಳು ಫ್ರಿಜ್ಜಿನಿಂದ ಬಂದ ತಣ್ಣನೆಯವು, ಅವನ್ನು ಚಮಚದಲ್ಲಿ ಎತ್ತಿಟ್ಟುಕೊಂಡಳು. ಮಡಿಸಿದಳು, ಗೆಣ್ಣಿನಲ್ಲಿ ಅದುಮಿದಳು, ಮೂಗಿನ ಹತ್ತಿರ ಹಿಡಿದು ಅಂಚನ್ನು ಸುತ್ತಲೂ ಕಣ್ಣಲ್ಲಿ ನೋಡಿದಳು. ನೆಟ್ಟಿ ಎರಡು ತಟ್ಟೆ ಮುಗಿಸುವಷ್ಟರಲ್ಲಿ ಅವಳದು ಅರ್ಧ. ತಟ್ಟೆ ಮುಂದೆ ಬಂದಾಗ ಜಸ್ಟೀನಾ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊಣಕೈಯಿಂದ ಅದನ್ನು ತಳ್ಳಿದಳು. ಡೋರೀನ್ ದೇವರ ಪಟ ಹೊತ್ತವಳಂತೆ ಎತ್ತಿ ಹಿಡಿದು ನೇರ ನನ್ನ ಬಳಿ ತಂದಳು.

ಹಂಡೆಗೆ ಬಿಟ್ಟೆ. ಎಲ್ಲರೂ ಏನೋ ಕೆಲಸವಿರುವಂತೆ ನಟಿಸುತ್ತಿದ್ದರು. ಪಿರೋಹಿಗಳು ತಳಕ್ಕೆ ಹೋದವು, ಒಂದೊಂದಾಗಿ ಮೇಲೆ ಬಂದವು. ಸೊಟ್ಟ ಅಂಚಿನ, ಅಂದಗೆಟ್ಟ ಪಿರೋಹಿಗಳು. ಮುಚ್ಚಿದ ಬಾಯಿ ಮುಚ್ಚಿಯೇ ಇತ್ತು. ಆಮೇಲೆ ಹಂಡೆಯ ಬದಿಯಲ್ಲಿದ್ದ ಒಂದು ನಿಧಾನವಾಗಿ ತೆರೆದುಕೊಂಡಿತು.

ಅದನ್ನು ಸೌಟಿನಲ್ಲಿ ಎತ್ತಿದೆ. ಮೆಲಾನಿಯಾ ಕುರ್ಚಿಯಲ್ಲೇ ಕುಳಿತು ನನ್ನನ್ನೇ ನೋಡುತ್ತಿದ್ದಳು, ಮಡಿಲಲ್ಲಿ ಆಗಲೇ ತಟ್ಟೆ ಸಿದ್ಧವಾಗಿತ್ತು.

"ಮೆಲಾನಿಯಾ," ಎಂದು ನನ್ನ ಅಮ್ಮ ಕೂಗುತ್ತಿದ್ದ ಹಾಗೆ, ಮೇಲಿನ ಬೀದಿಗೂ ಕೇಳುವಂತೆ ಕೂಗಿದೆ. "ನಿಂದು ಬಾಯಿ ಬಿಡ್ತು."

"ಕಾಲರ್ ಹೊಲ್ದಿದ್ಲಂತೆ ಕಾಲರ್ರು," ಎಂದಳು ನೆಟ್ಟಿ, ಕಣ್ಣೊರೆಸಿಕೊಳ್ಳುತ್ತ. "ಆ ಶರ್ಟ್ ಹಾಕ್ಕೊಂಡೋರ ಗತಿ ಏನಾಯ್ತೋ."

"ಅದಕ್ಕೇ ಕಾರ್ಖಾನೆ ಮುಚ್ಚಿದ್ದು," ಎಂದಳು ಜಸ್ಟೀನಾ.

ಮೆಲಾನಿಯಾ ಎದ್ದಳು. ತಟ್ಟೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಎಲ್ಲರ ನಡುವೆ ನಡೆದು, ನನ್ನ ಮುಂದೆ ಬಂದು ನಿಂತಳು. ಬೆರಳ ಜೋಮು ಇನ್ನೂ ಹಾಗೆಯೇ ಇದೆ, ಇವತ್ತಿಗೂ ಇದೆ.

"ಈರುಳ್ಳಿ ಜಾಸ್ತಿ ಹಾಕೇ," ಎಂದಳು.