ಟವೆಲ್ ಕೆಳಗಿನ ಕೀಬೋರ್ಡ್

ನಾನು ಬರೆದ ಏಕೈಕ ಕಂಪ್ಯೂಟರ್ ಆಟವನ್ನು ಈ ಜಗತ್ತಿನಲ್ಲಿ ಆಡಿದವರು ಇಬ್ಬರೇ: ನಮ್ಮಪ್ಪ ಮತ್ತು ನಮ್ಮ ಚಿಕ್ಕಪ್ಪ. ಆಗ ಅವರಿಬ್ಬರಿಗೂ ಮಾತಿರಲಿಲ್ಲ.

ಶ್ರೀನಿವಾಸಪುರದಲ್ಲಿ ನಮ್ಮದು ಮಾವಿನ ಮಂಡಿ. ಹೊಸ ಶೆಡ್ಡಿನ ಬಾಗಿಲು ಬಸ್ಸು ಓಡಾಡುವ ರಸ್ತೆಗಿರಲಿ ಎಂದು ಚಿಕ್ಕಪ್ಪ, ಹಳೇ ಗೇಟಿನ ಕಡೆಗೇ ಇರಲಿ ಎಂದು ಅಪ್ಪ. ಕೊನೆಗೆ ಎರಡೂ ಕಡೆ ಬಾಗಿಲಿಟ್ಟು, ನಡುವೆ ಗೋಡೆ ಎಬ್ಬಿಸಿ, ಎರಡು ಮಂಡಿ ಮಾಡಿಕೊಂಡರು. ಬಾಗಿಲಿಗೆಂದು ಜಗಳ ತೆಗೆದು ಗೋಡೆ ಕಟ್ಟಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾತು ಬಿಟ್ಟರೇ ಹೊರತು ವ್ಯಾಪಾರ ಬಿಡಲಿಲ್ಲ. ನಮ್ಮಲ್ಲಿ ಮಾವಿನ ದರ ಕುದುರುವುದು ಬಾಯಲ್ಲಲ್ಲ, ಟವೆಲ್ ಕೆಳಗೆ. ಮಾರುವವನೂ ಕೊಳ್ಳುವವನೂ ಕೈ ಮೇಲೆ ಟವೆಲ್ ಹೊದಿಸಿಕೊಂಡು ಒಳಗೆ ಬೆರಳು ಹಿಡಿಯುತ್ತಾರೆ. ಇಷ್ಟು ಬೆರಳಿಗೆ ಇಷ್ಟು ದರ. ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು ಮಾಡಿಕೊಂಡ ಈ ಪದ್ಧತಿ ಇವರಿಬ್ಬರಿಗೆ ವರವಾಗಿಬಿಟ್ಟಿತು. ಒಬ್ಬರಿಗೆ ಮಾಲು ಸಾಲದಾದಾಗ ಇನ್ನೊಬ್ಬರ ಹತ್ತಿರ ಹೋಗಿ, ಮುಖ ಆ ಕಡೆ ತಿರುಗಿಸಿ, ಬೆರಳು ಹಿಡಿದು, ವ್ಯವಹಾರ ಮುಗಿಸಿ ಬರುತ್ತಿದ್ದರು. ಮಿಕ್ಕ ಸುದ್ದಿಯನ್ನೆಲ್ಲ ಅಜ್ಜಿ ಹೊರಬೇಕು. 'ನಿಮ್ಮಣ್ಣ ಹಿಂಗಂದ', 'ನಿನ್ ತಮ್ಮ ಹಂಗಂದ' ಎಂದು ಎರಡು ಮನೆಗೂ ತಿರುಗಿ ತಿರುಗಿ ಅವಳ ಕಾಲು ಸವೆದುಹೋಗಿತ್ತು. ನನಗೂ ಸಂಕಟ. ಸೈಕಲ್ ಕಲಿಸಿದ ಚಿಕ್ಕಪ್ಪನ ಮನೆಗೆ ಹೋಗಿ ಬಂದರೆ ಅಪ್ಪ ಇಡೀ ದಿನ ನನ್ನ ಮುಖ ನೋಡುತ್ತಿರಲಿಲ್ಲ. ಇಬ್ಬರೂ ಮತ್ತೆ ಮಾತಾಡಲಿ ಎಂಬುದು ಬಿಟ್ಟರೆ ನನಗೆ ಬೇರೆ ಆಸೆಯೇ ಇರಲಿಲ್ಲ.

ಆಗ ನಾನು ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ, ಆಟ ಬರೆಯುವುದಕ್ಕೆಂದೇ ಇದ್ದ ಬೇಸಿಕ್ ಜಾತಿಯ ಒಂದು ಭಾಷೆ ಸಿಕ್ಕಿತು. ಹವ್ಯಾಸಿಗಳಿಗಾಗಿ ಯಾರೋ ಹವ್ಯಾಸಿ ಮಾಡಿದ್ದು, ಪುಕ್ಕಟೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು ಎಂದು ಯಾರಾದರೂ ಅನ್ನಲಿ, ಆ ಭಾಷೆಗೆ ಬರುವ ವಿದ್ಯೆಗಿಂತ ಬಾರದ ವಿದ್ಯೆಯೇ ಹೆಚ್ಚು.

ಅದರಲ್ಲಿ ಟವೆಲ್ ವ್ಯಾಪಾರದ ಆಟ ಬರೆದೆ. ಪರದೆಯ ಮೇಲೆ ಮಾವಿನ ರಾಶಿ. ಮಾರುವವನು ಕೀಬೋರ್ಡಿನ ಎಡಕ್ಕೆ, ಕೊಳ್ಳುವವನು ಬಲಕ್ಕೆ ತಮ್ಮ ತಮ್ಮ ದರದ ಕೀ ಒತ್ತಬೇಕು. ಇಬ್ಬರ ದರ ಒಂದೇ ಆದರೆ ರಾಶಿ ಲಾರಿಗೇರುತ್ತದೆ; ತಡವಾದರೆ ಒಂದೊಂದೇ ಹಣ್ಣು ಕಪ್ಪಾಗುತ್ತ ಬರುತ್ತದೆ. ಭಾಷೆಗೆ ಕನ್ನಡ ಅಕ್ಷರ ಬಾರದು. 'ಬಾದಾಮಿ', 'ಮಲಗೋಬ' ಎಂಬ ಹಣ್ಣಿನ ಹೆಸರುಗಳನ್ನೆಲ್ಲ ಚಿತ್ರವಾಗಿ ಬರೆದು ಅಂಟಿಸಿದೆ. ಬಣ್ಣಗಳಿಗೂ ಬಡತನ.

"ಇದು ಬಾದಾಮಿನಾ? ಕೋಲಾರ ಮಾರ್ಕೆಟ್ ಟೊಮೊಟೊ ಇದ್ದಂಗೈತಲ್ಲೇ" ಎಂದರು ಅಪ್ಪ. ಆದರೂ ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಆಡಿದರು, ಗೆದ್ದರು, ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಸುದ್ದಿಯನ್ನು ಗೋಡೆ ದಾಟಿಸಿದವಳು ಅಜ್ಜಿ, ಒಂದಿಷ್ಟು ಉಪ್ಪುಖಾರ ಹಚ್ಚಿ: "ಅದ್ರಲ್ಲಿ ನಿಮ್ಮಣ್ಣನ್ನ ಸೋಲ್ಸೋರು ಇನ್ನೂ ಹುಟ್ಟಿಲ್ವಂತೆ."

ಮಾರನೇ ದಿನವೇ ಚಿಕ್ಕಪ್ಪ ನನ್ನನ್ನು ತಮ್ಮ ಮನೆಗೆ ಕರೆಸಿದರು. ಅಪ್ಪ ಲೆಕ್ಕಕ್ಕೆಂದು ಕಂಪ್ಯೂಟರ್ ತಂದಿದ್ದರಿಂದ ಇವರು ಅದಕ್ಕಿಂತ ಹೊಸದನ್ನು ತಂದಿದ್ದರು. ಆಟ ಹಾಕಿದೆ. ಪರದೆ ಕಪ್ಪಗಾಯಿತು, ಕಪ್ಪಗೇ ಉಳಿಯಿತು.

"ನಿಮ್ಮ ವಿಂಡೋಸ್ ಹೊಸದು ಚಿಕ್ಕಪ್ಪ. ಈ ಭಾಷೆ ಹಳೇದ್ರಲ್ಲಿ ಮಾತ್ರ ಓಡೋದು."

"ಹೊಸದ್ರಲ್ಲಿ ಓಡಲ್ಲ, ಹಳೇದ್ರಲ್ಲಿ ಓಡ್ತೈತಾ? ಯಾವನಮ್ಮಾ ಇದನ್ನ ಮಾಡ್ದೋನು? ನಿಮ್ಮಪ್ಪನ ಥರದೋನೇ ಇರ್ಬೇಕು. ಹೋಗ್ಲಿ, ಅಲ್ಲಿಂದ ಇಲ್ಲಿಗೆ ಒಂದು ವೈರ್ ಎಳೆದುಬಿಡು."

"ವೈರಲ್ಲಿ ಆಡ್ಸೋದೂ ಅದಕ್ಕೆ ಬರಲ್ಲ. ಒಂದೇ ಕಂಪ್ಯೂಟರು, ಒಂದೇ ಕೀಬೋರ್ಡು, ಇಬ್ರೂ ಪಕ್ಕಪಕ್ಕ ಕೂತ್ರೇನೇ."

ಚಿಕ್ಕಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮಂಡಿಗೆ ಹೊರಟರು.

ಆವತ್ತು ಸಂಜೆ ಲಾರಿಗಳೆಲ್ಲ ಹೊರಟ ಮೇಲೆ ನಮ್ಮ ಮನೆಗೆ ಬಂದೇಬಿಟ್ಟರು. ನೆಂಟರ ಮನೆಗೆ ಬಂದವರಂತೆ ಬೀದಿ ಬಾಗಿಲಲ್ಲಿ ನಿಂತು ಕೆಮ್ಮಿದರು. ಅಪ್ಪ ಕುರ್ಚಿಯನ್ನು ಸ್ವಲ್ಪ ಸರಿಸಿದರು, ಅದೇ ಸ್ವಾಗತ. ನಾನು ನಡುವೆ ನಿಂತೆ.

"ನಿಮ್ಮಪ್ಪಂಗೆ ಹೇಳಮ್ಮಾ, ಶುರು ಮಾಡ್ಲಿ."

"ನಿಮ್ ಚಿಕ್ಕಪ್ಪಂಗೆ ಹೇಳು, ಇಣುಕಿ ನೋಡೋ ಹಂಗಿಲ್ಲ."

ಇಷ್ಟು ಹೇಳಿ ಅಪ್ಪ ಹೆಗಲ ಮೇಲಿದ್ದ ಟವೆಲ್ ತೆಗೆದು ಕೀಬೋರ್ಡಿಗೂ ಇಬ್ಬರ ಕೈಗಳಿಗೂ ಹೊದಿಸಿಬಿಟ್ಟರು. ಇದು ನನ್ನ ಪ್ರೋಗ್ರಾಮಿನಲ್ಲಿ ಇರಲಿಲ್ಲ.

ರಾಶಿ ಬಂತು. ಅಪ್ಪ ಒಂದು ಕೀ ಒತ್ತಿದರು, ಒತ್ತಿಯೇ ಹಿಡಿದರು. ಟವೆಲ್ ವ್ಯಾಪಾರದಲ್ಲಿ ಒಮ್ಮೆ ಬೆರಳು ಹಿಡಿದವನು ಎದುರಿನವನು ಒಪ್ಪುವ ತನಕ ಬಿಡುವುದಿಲ್ಲ. ಚಿಕ್ಕಪ್ಪನೂ ಹಿಡಿದರು. ಕಂಪ್ಯೂಟರ್ ಪೀಂ ಪೀಂ ಎಂದು ಅಳತೊಡಗಿತು. ಆಗ ನನಗೆ ಹೊಳೆಯಿತು: ಈ ದರಿದ್ರ ಭಾಷೆಗೆ ಒಂದು ಸಲಕ್ಕೆ ಒಂದೇ ಕೀ ತಿಳಿಯುವುದು. ಮೊದಲು ಒತ್ತಿದ್ದನ್ನು ಬಿಡುವ ತನಕ ಎರಡನೆಯದು ಅದಕ್ಕೆ ಕಾಣುವುದೇ ಇಲ್ಲ. ಒಬ್ಬಳೇ ಕೂತು ಪರೀಕ್ಷೆ ಮಾಡಿದಾಗ ಒಂದಾದ ಮೇಲೊಂದು ಒತ್ತಿದ್ದೆನಾದ್ದರಿಂದ ಗೊತ್ತಾಗಿರಲಿಲ್ಲ.

"ಅಪ್ಪಾ, ಬೆರಳು ತೆಗೀರಿ. ಇಬ್ರೂ ಹಿಡಿದ್ರೆ ಅದಕ್ಕೆ ಗೊತ್ತಾಗಲ್ಲ."

"ಅವನು ಒಪ್ಪಲಿ, ತೆಗೀತೀನಿ."

ಚಿಕ್ಕಪ್ಪನೂ ಬೆರಳು ತೆಗೆಯಲಿಲ್ಲ. ರಾಶಿಯ ಮೇಲಿನ ಹಣ್ಣು ಕಪ್ಪಗಾಯಿತು. ಅದರ ಪಕ್ಕದ್ದು ಕಪ್ಪಗಾಯಿತು. ಹುಟ್ಟಿದಂದಿನಿಂದ ಮಾವಿನ ನಡುವೆ ಬೆಳೆದ ಇಬ್ಬರು ಗಂಡಸರು, ಕಣ್ಣೆದುರಿಗೆ ಮಾಲು ಹಾಳಾಗುವುದನ್ನು ಪರದೆಯ ಮೇಲೂ ನೋಡಲಾರರು. ಅಪ್ಪನ ಹಣೆಯಲ್ಲಿ ಬೆವರು. ಚಿಕ್ಕಪ್ಪನ ಕಾಲು ಕುಣಿಯುತ್ತಿತ್ತು. ಅರ್ಧ ರಾಶಿ ಹೋಯಿತು. ನಾನು ದೇವರನ್ನು ನೆನೆಯುವುದೋ, ಕರೆಂಟು ಹೋಗಲಿ ಎನ್ನುವುದೋ ತಿಳಿಯದೆ ನಿಂತಿದ್ದೆ.

"ಅಣ್ಣಾ! ಬೆರಳ್ ತೆಗಿಯಣ್ಣಾ, ಮಾಲೆಲ್ಲಾ ಕೊಳೀತೈತೆ!"

ಕಿರುಚಿದ್ದು ಚಿಕ್ಕಪ್ಪ. ನೇರವಾಗಿ ಅಣ್ಣನಿಗೇ.

"ಕಾಣ್ತೈತೆ ಕಣೋ, ನಂಗೇನು ಕಣ್ಣಿಲ್ವಾ? ನೀನ್ ತೆಗಿ ಮೊದ್ಲು! ಆವತ್ತು ಬಾಗ್ಲು ವಿಷ್ಯದಲ್ಲೂ ಹಿಂಗೇ ಹಟ ಹಿಡಿದೆ!"

"ಹಟ ನಂದಾ? ಗೋಡೆಗೆ ಇಟ್ಟಿಗೆ ಇಳಿಸ್ದೋರು ಯಾರು?"

ಟವೆಲ್ ಕೆಳಗೆ ಬಿತ್ತು. ಪರದೆಯ ಮೇಲೆ ಇಡೀ ರಾಶಿ ಕೊಳೆತು ಆಟ ಮುಗಿಯಿತು, ನೋಡುವವರು ಯಾರು? ಬಾಗಿಲು, ಗೋಡೆ, ಇಟ್ಟಿಗೆ ಎಲ್ಲ ಒಂದೊಂದಾಗಿ ಹೊರಬಂದವು. ಸಿಟ್ಟು ಏರಿದಂತೆ ನಮ್ಮ ಮನೆಯವರ ಕನ್ನಡ ತೆಲುಗಿಗೆ ಇಳಿಯುತ್ತದೆ, ಇಳಿಯಿತು. ನಾನು ಅಡುಗೆಮನೆಗೆ ಓಡಿದೆ. ಅಜ್ಜಿ ಒಲೆ ಮುಂದಿದ್ದಳು.

"ಏನೇ ಅದು ಗಲಾಟೆ?"

"ಇಬ್ರೂ ಜಗಳ ಆಡ್ತಾವ್ರೆ ಅಜ್ಜಿ."

"ನಿನ್ ಕೈಲಿ ಹೇಳ್ಸಿನಾ?"

"ಇಲ್ಲ. ಅವ್ರವ್ರೇ. ಮುಖ ನೋಡ್ಕೊಂಡು."

ಅಜ್ಜಿ ಕೆಲಸ ಬಿಟ್ಟು ನಿಂತು ಕೇಳಿಸಿಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಕ್ಕಿ ಡಬ್ಬಕ್ಕೆ ಕೈ ಹಾಕಿ, "ಬಿಡಿಸೋಕೆ ಹೋಗ್ಬೇಡ, ಊಟದ ತನಕ ಆಡ್ಲಿ" ಎಂದಳು. "ಓಡಿಹೋಗಿ ನಿನ್ ಚಿಕ್ಕಮ್ಮಂಗೆ ಹೇಳಿ ಬಾ, ಇವತ್ತು ಅಲ್ಲಿ ಒಲೆ ಹಚ್ಚೋದು ಬೇಡ ಅಂತ."